ಕಾರಿನ ಹೊಸ ಸ್ಪೀಕರಿನಲ್ಲಿ ಬಾಸ್ ಇಲ್ಲದಿದ್ದಾಗ

ಮುಂದಿನ ಬಾಗಿಲುಗಳಿಗೆ 6.5 ಇಂಚಿನ ಕಾಂಪೊನೆಂಟ್ ಸ್ಪೀಕರ್ (ಬಾಸ್‌ಗೆ ವೂಫರ್, ಟ್ರೆಬಲ್‌ಗೆ ಟ್ವೀಟರ್ ಅಂತ ಬೇರೆ ಬೇರೆ ಇರುವ ಸೆಟ್) ಹಾಕಿಸಿದ ಮೇಲೆ ಬಾಸ್ ಜಾಸ್ತಿ ಆಗಬೇಕಿತ್ತು, ಅಲ್ವಾ? ಕಾರಿನ ಜೊತೆ ಬಂದಿದ್ದ ಹಳೇ ಸ್ಪೀಕರಿಗಿಂತಲೂ ಕಡಿಮೆಯಾಯಿತು. ಆದರೆ ಬ್ಯಾಲೆನ್ಸ್ ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಬಾಸ್ ವಾಪಸ್ ಬರುತ್ತಿತ್ತು. ಅಲ್ಲಿಗೆ ಅನುಮಾನ ಗಟ್ಟಿಯಾಯಿತು. ಒಂದು ವೂಫರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿದ್ದರೆ ಎರಡರ ಬಾಸೂ ಒಂದನ್ನೊಂದು ಅಳಿಸಿಹಾಕುತ್ತದೆ.

ವೂಫರಿಗೆ ಬಾಸ್, ಟ್ವೀಟರಿಗೆ ಟ್ರೆಬಲ್ ಅಂತ ಹಂಚಿ ಕಳಿಸುವ ಕ್ರಾಸ್‌ಓವರ್ ಡಬ್ಬಿಗಳು ಡ್ಯಾಶ್‌ಬೋರ್ಡ್ ಕೆಳಗಿದ್ದವು. ಬಾಗಿಲು ಬಿಚ್ಚುವ ಕೆಲಸವೇ ಬರಲಿಲ್ಲ. ಸ್ಟೀರಿಯೊ ಆಫ್ ಮಾಡಿ, ವೂಫರಿಗೆ ಹೋಗುವ ವೈರುಗಳನ್ನು ಕ್ರಾಸ್‌ಓವರಿನಿಂದ ಬಿಡಿಸಿ, 1.5 ವೋಲ್ಟ್ ಸೆಲ್ ಒಂದನ್ನು ಚೂರೇ ಚೂರು ಮುಟ್ಟಿಸಿದೆ. ಪ್ಲಸ್‌ಗೆ ಪ್ಲಸ್ ಸೇರಿದರೆ ಕೋನ್ ಹೊರಗೆ ಬರಬೇಕು. ಬಲಗಡೆಯದು ಹೊರಗೆ ಬಂತು, ಎಡಗಡೆಯದು ಒಳಗೆ ಹೋಯಿತು! ಅಂಗಡಿಯವರು ಬಾಗಿಲೊಳಗೆ ವೈರು ಅದಲುಬದಲು ಮಾಡಿದ್ದರು. ಎಡಗಡೆಯ ವೈರುಗಳನ್ನು ಕ್ರಾಸ್‌ಓವರಿನಲ್ಲೇ ತಿರುಗಿಸಿ ಹಾಕಿದೆ. ಬಾಸ್ ಎದೆಗೆ ತಟ್ಟುವಂತೆ ಬಂತು. (ಟ್ವೀಟರಿಗೆ ಈ ಸೆಲ್ ಆಟ ಬೇಡ. ಅದರ ಕಾಯಿಲ್ ತೀರಾ ನಾಜೂಕು.)

ಟ್ವೀಟರ್ ಸ್ವಲ್ಪ ಕಿವಿಗೆ ಚುಚ್ಚುತ್ತಿತ್ತು. ಸುಮ್ನೆ ಟ್ರೆಬಲ್ ಇಳಿಸುವ ಬದಲು, ಕ್ರಾಸ್‌ಓವರಿನೊಳಗೆ ಟ್ವೀಟರ್ ಸದ್ದಿನ ಮಟ್ಟ ಆರಿಸುವ ಪುಟ್ಟ ಕೊಂಡಿಯನ್ನು (ಜಂಪರ್) 0 ಇಂದ ಮೈನಸ್ 3 ಡೆಸಿಬಲ್‌ಗೆ ಬದಲಿಸಿದೆ. ಎಲ್ಲ ಕ್ರಾಸ್‌ಓವರಿನಲ್ಲೂ ಈ ಜಂಪರ್ ಇರುವುದಿಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ.