ಪ್ಯಾಡ್ ತೂಗಿ ಬರೆದಿಟ್ಟ ಐದು ತಿಂಗಳು

ನನಗೆ ಈಗ 65 ವರ್ಷ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಊರು, ಸ್ವಲ್ಪ ಅಡಿಕೆ ತೋಟ ಇದೆ. ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಬೆಂಗಳೂರಿನಲ್ಲಿ ನನ್ನ ಪ್ರಾಸ್ಟೇಟ್ ಗ್ರಂಥಿಯನ್ನು, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿಯನ್ನು, ಪೂರ್ತಿ ತೆಗೆದರು. ಕ್ಯಾನ್ಸರ್ ಇತ್ತು. ಈಗ ಹದಿನಾರು ತಿಂಗಳಾಯಿತು.

ಆಪರೇಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನನಗೆ ಹೇಳಬೇಕಾಗಿರುವುದು ಜಾಸ್ತಿ ಅದರ ನಂತರದ ದಿನಗಳ ಬಗ್ಗೆ. ಆಪರೇಷನ್ ಡಾಕ್ಟರ ಕೆಲಸ, ಮೂರು ಗಂಟೆಯಲ್ಲಿ ಮುಗಿಯಿತು. ಮೂತ್ರ ಹಿಡಿದಿಟ್ಟುಕೊಳ್ಳುವುದನ್ನು ಮತ್ತೆ ಕಲಿಯುವುದು ನನ್ನ ಕೆಲಸ. ಅದಕ್ಕೆ ಐದು ತಿಂಗಳು ಬೇಕಾಯಿತು.

ಕಾಯಿಲೆ ಗೊತ್ತಾಗುವ ಮೊದಲು ನನಗೆ ಯಾವ ತೊಂದರೆಯೂ ಇರಲಿಲ್ಲ. ರಾತ್ರಿ ಒಂದು ಸಲ ಏಳುತ್ತಿದ್ದೆ, ಈ ವಯಸ್ಸಿಗೆ ಅದು ಇದ್ದದ್ದೇ. ಆದರೆ ಅಣ್ಣನಿಗೆ ಇದೇ ಕಾಯಿಲೆ ಬಂದಿತ್ತು. ಅಣ್ಣ ತಮ್ಮಂದಿರಿಗೆ, ಅಪ್ಪನಿಗೆ ಬಂದಿದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚು ಅಂತ ಅವನ ಡಾಕ್ಟರೇ ಹೇಳಿ ನನ್ನ ರಕ್ತ ಪರೀಕ್ಷೆ ಮಾಡಿಸಿದರು. ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಪಿಎಸ್‌ಎ ಅನ್ನುವ ಪ್ರೋಟೀನ್ 7.8 ಬಂತು. ಸಾಮಾನ್ಯವಾಗಿ 4ಕ್ಕಿಂತ ಹೆಚ್ಚಿದ್ದರೆ ಮುಂದೆ ನೋಡುತ್ತಾರೆ. ಹಾಗಂತ ಅಷ್ಟಕ್ಕೇ ಕ್ಯಾನ್ಸರ್ ಅಂತಲ್ಲ. ಗ್ರಂಥಿ ಸುಮ್ನೆ ದಪ್ಪಗಾಗಿದ್ದರೂ, ಸೋಂಕು ಇದ್ದರೂ ಅದು ಏರುತ್ತದೆ. ನನಗೆ ಸೋಂಕು ಇರಲಿಲ್ಲ. ಎಂಆರ್‌ಐನಲ್ಲಿ ಒಂದು ಕಡೆ ಅನುಮಾನದ ಮಚ್ಚೆ ಕಂಡಿತು. ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ, ಕ್ಯಾನ್ಸರ್ ಎಷ್ಟು ಉಗ್ರ ಅಂತ ಹೇಳುವ ಗ್ಲೀಸನ್ ಅಂಕ 3+4, ಅಂದರೆ 7. ಮಧ್ಯಮ ದರ್ಜೆಯದ್ದು. ಪೆಟ್ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿರಲಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಕಡೆ ಎಷ್ಟೋ ಜನ "ನಮ್ಮ ಮಾವನಿಗೂ ಪ್ರಾಸ್ಟೇಟ್ ಆಪರೇಷನ್ ಆಗಿದೆ, ನಾಲ್ಕು ದಿನಕ್ಕೆ ಎದ್ದು ಓಡಾಡಿದರು" ಅಂದರು. ಅವರಿಗೆ ಆಗಿದ್ದು ಬೇರೆ. ಗ್ರಂಥಿ ಊದಿ ದಾರಿ ಕಟ್ಟಿದಾಗ ಮೂತ್ರದ ದಾರಿಯಿಂದಲೇ ಒಳಗೆ ಹೋಗಿ ಅಡ್ಡ ಬಂದ ಭಾಗವನ್ನಷ್ಟೇ ಕೆರೆದು ತೆಗೆಯುತ್ತಾರೆ. ಹೊರಗಿನ ಭಾಗ ಅಲ್ಲೇ ಉಳಿಯುತ್ತದೆ. ಹಾಗಾಗಿ ಅವರಿಗೂ ಮುಂದೆ ಕ್ಯಾನ್ಸರ್ ಬರಬಹುದು, ಪರೀಕ್ಷೆ ಬಿಡಬಾರದು. ನನಗೆ ಮಾಡಿದ್ದು ಇಡೀ ಗ್ರಂಥಿ, ಅದರ ಹಿಂದಿನ ವೀರ್ಯಕೋಶಗಳು ಎಲ್ಲ ತೆಗೆದು, ಮೂತ್ರಕೋಶವನ್ನು ಕೆಳಗಿನ ಮೂತ್ರನಾಳಕ್ಕೆ ಮತ್ತೆ ಹೊಲಿಯುವ ಆಪರೇಷನ್. ಎರಡೂ ಒಂದೇ ಅಂದುಕೊಂಡು ಹೋದರೆ ಆಮೇಲೆ ಗಾಬರಿಯಾಗುತ್ತದೆ.

ಸರ್ಜನ್‌ರನ್ನೂ ನೋಡಿದೆ, ರೇಡಿಯೇಷನ್ ಡಾಕ್ಟರನ್ನೂ ನೋಡಿದೆ. ಇಬ್ಬರೂ ತಾಳ್ಮೆಯಿಂದ ಮಾತಾಡಿದರು. ಮೂತ್ರ ಸೋರುವ ತೊಂದರೆ ಆಪರೇಷನ್‌ನಲ್ಲೇ ಜಾಸ್ತಿ ಅಂತ ಗೊತ್ತಿದ್ದೂ ಅದನ್ನೇ ಆರಿಸಿಕೊಂಡೆ. ಗ್ರಂಥಿ ಹೋದ ಮೇಲೆ ಪಿಎಸ್‌ಎ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ಮತ್ತೆ ಏರಿದರೆ ತಕ್ಷಣ ಗೊತ್ತಾಗುತ್ತದೆ, ಆಗ ರೇಡಿಯೇಷನ್ ಕೊಡಬಹುದು. ಮೊದಲು ರೇಡಿಯೇಷನ್ ಮಾಡಿಸಿ ಆಮೇಲೆ ಆಪರೇಷನ್ ಅಂದರೆ ಬಹಳ ಕಷ್ಟ. ಇದು ನನ್ನ ಲೆಕ್ಕ. ನಿಮ್ಮ ವಯಸ್ಸು, ಹೃದಯದ ಸ್ಥಿತಿ, ಕಾಯಿಲೆಯ ದರ್ಜೆ ನೋಡಿ ಬೇರೆ ಲೆಕ್ಕ ಬರಬಹುದು. ಕೆಲವರಿಗೆ ಸುಮ್ಮನೆ ಪರೀಕ್ಷೆ ಮಾಡಿಸುತ್ತಾ ಕಾಯುವುದೇ ಸರಿಯಾದ ದಾರಿ.

ಬಯಾಪ್ಸಿಯ ಗಾಯ ಮಾಯಲು ಆರೇಳು ವಾರ ಬಿಟ್ಟು ಆಪರೇಷನ್ ಅಂದರು. ಆ ವಾರಗಳು ಸಿಕ್ಕಿದ್ದು ನನ್ನ ಪುಣ್ಯ. ಒಬ್ಬ ಫಿಸಿಯೋಥೆರಪಿಸ್ಟ್ ಆ ಸಮಯದಲ್ಲೇ ವ್ಯಾಯಾಮ ಶುರು ಮಾಡಿಸಿದರು.

ಯಾಕೆ ಸೋರುತ್ತದೆ ಅಂತ ಅವರು ಹೇಳಿದ್ದನ್ನು ನಾನು ಕೆರೆಯ ತೂಬಿನ ಹಾಗೆ ಅರ್ಥ ಮಾಡಿಕೊಂಡೆ. ಮೂತ್ರಕೋಶದ ಕೆಳಗೆ ಎರಡು ತೂಬು ಇವೆ. ಮೇಲಿನದು ತಾನಾಗಿಯೇ ಮುಚ್ಚಿಕೊಂಡಿರುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ. ಅದು ಇರುವುದು ಪ್ರಾಸ್ಟೇಟಿನ ಬಾಯಲ್ಲೇ, ಹಾಗಾಗಿ ಆಪರೇಷನ್ ಆದ ಮೇಲೆ ಅದರ ಕೆಲಸ ನಿಲ್ಲುತ್ತದೆ. ಕೆಳಗಿನ ತೂಬು ಅಲ್ಲಿಯವರೆಗೆ ಅವಸರಕ್ಕೆ ಮಾತ್ರ ದುಡಿಯುತ್ತಿದ್ದುದು, ಇನ್ನು ಮುಂದೆ ಅದೊಂದೇ ತೂಬು ದಿನವಿಡೀ ದುಡಿಯಬೇಕು. ಅದನ್ನು ಗಟ್ಟಿ ಮಾಡುವುದೇ ಕೀಗಲ್ ವ್ಯಾಯಾಮ. ಆರ್ನಾಲ್ಡ್ ಕೀಗಲ್ ಅಂತ ಅಮೆರಿಕದ ಸ್ತ್ರೀರೋಗ ತಜ್ಞರು 1948ರಲ್ಲಿ ಹೆರಿಗೆಯಾದ ಹೆಂಗಸರಿಗಾಗಿ ಇದನ್ನು ಬರೆದು ಪ್ರಕಟಿಸಿದವರು. ಯೋಗ ಮಾಡುವವರಿಗೆ ಮೂಲಬಂಧ ಗೊತ್ತಿದ್ದರೆ ಇದು ಅದರ ಹತ್ತಿರದ್ದೇ.

ಹೇಗೆ ಮಾಡುವುದು? ಗ್ಯಾಸ್ ತಡೆಯುವ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಸರಿಯಾಗಿ ಸಿಕ್ಕಿದ್ದು ಬೇರೆ ಹೋಲಿಕೆಯಿಂದ. ಚಳಿಗಾಲದ ಬೆಳಗ್ಗೆ ಹೊಳೆಗೆ ಇಳಿಯುವಾಗ ನೀರು ತೊಡೆ ಮುಟ್ಟುವ ಹೊತ್ತಿಗೆ ಮುಂದಿನದೆಲ್ಲ ತಾನಾಗಿ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳುತ್ತದಲ್ಲ, ಆ ಎಳೆತ. ಕನ್ನಡಿ ಮುಂದೆ ನಿಂತು ನೋಡಿದರೆ ವೃಷಣ ಸ್ವಲ್ಪ ಮೇಲೆ ಏಳುವುದು ಕಾಣಬೇಕು. ಹೊಟ್ಟೆ ಬಿಗಿಯಬಾರದು. ಕುಂಡೆ ಬಿಗಿಯಬಾರದು. ಉಸಿರು ಹಿಡಿಯಬಾರದು. ಹತ್ತು ಎಣಿಸುವವರೆಗೆ ಹಿಡಿ, ಹತ್ತು ಎಣಿಸುವವರೆಗೆ ಪೂರ್ತಿ ಬಿಡು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ವಾರ ನನಗೆ ನಾಲ್ಕು ಎಣಿಸುವಷ್ಟರಲ್ಲಿ ಹಿಡಿತ ಜಾರುತ್ತಿತ್ತು. ಆಪರೇಷನ್ ಹೊತ್ತಿಗೆ ಹತ್ತಕ್ಕೆ ಬಂದಿದ್ದೆ.

ಆಪರೇಷನ್ ರೋಬೋಟ್‌ನಿಂದ ಆಯಿತು. ಯಂತ್ರ ತಾನಾಗಿ ಕೊಯ್ಯುವುದಿಲ್ಲ, ಸರ್ಜನ್ ಪಕ್ಕದಲ್ಲಿ ಕೂತು ಅದರ ಕೈಗಳನ್ನು ನಡೆಸುತ್ತಾರೆ. ಹೊಟ್ಟೆಯ ಮೇಲೆ ಆರು ಪುಟ್ಟ ತೂತು. ತಲೆ ಕೆಳಗೆ ಮಾಡಿ ಮಲಗಿಸುವುದರಿಂದ ಎಚ್ಚರವಾದಾಗ ಮುಖ ಊದಿತ್ತು. ಆಪರೇಷನ್‌ಗಾಗಿ ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಭುಜ ನೋವು. ಹೊಟ್ಟೆಯ ಆಪರೇಷನ್‌ಗೆ ಭುಜ ಯಾಕೆ ನೋಯುತ್ತದೆ ಅಂತ ಹೆದರಿಕೊಂಡಿದ್ದೆ, ಎರಡು ದಿನಕ್ಕೆ ಹೋಯಿತು. ಮರುದಿನವೇ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ. ಮೂರನೇ ದಿನ ಬೆಂಗಳೂರಿನ ವಿಜಯನಗರದಲ್ಲಿರುವ ಮಗಳ ಮನೆಗೆ ಬಂದೆ. ವಿಮೆ ಇರುವವರು ರೋಬೋಟ್ ಖರ್ಚಿಗೆ ಪಾಲಿಸಿಯಲ್ಲಿ ಮಿತಿ ಇದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಮುಂದಿನ ದಿನಗಳು ಟ್ಯೂಬಿನವು. ಒಂಬತ್ತು ದಿನ ಕ್ಯಾತೆಟರ್, ಅಂದರೆ ಮೂತ್ರವನ್ನು ಹೊರಗಿನ ಚೀಲಕ್ಕೆ ಹರಿಸುವ ಟ್ಯೂಬ್, ಇತ್ತು. ಪ್ಯಾಂಟ್, ಪೈಜಾಮ ಬಿಟ್ಟು ಪಂಚೆ ಉಟ್ಟೆ, ಅದರಷ್ಟು ಆರಾಮ ಬೇರೆ ಇಲ್ಲ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು. ಮಲಗುವಾಗ ಹಾಸಿಗೆ ಪಕ್ಕ ಬಕೆಟ್ ಇಟ್ಟು ಅದರೊಳಗೆ ಇಡುತ್ತಿದ್ದೆ. ಟ್ಯೂಬನ್ನು ತೊಡೆಗೆ ಟೇಪ್ ಹಾಕಿ ಅಂಟಿಸಿ, ಇಲ್ಲದಿದ್ದರೆ ಒಂದೊಂದು ಹೆಜ್ಜೆಗೂ ಎಳೆಯುತ್ತದೆ. ಟ್ಯೂಬ್ ಹೊರಗೆ ಬರುವ ಜಾಗವನ್ನು ದಿನಾ ಸೋಪು ನೀರಲ್ಲಿ ತೊಳೆಯಬೇಕು.

ಐದನೇ ದಿನ ಒಂದು ತಪ್ಪು ಮಾಡಿದೆ. ನೋವಿನ ಮಾತ್ರೆಯಿಂದ ಮಲ ಗಟ್ಟಿಯಾಗಿತ್ತು, ತಿಣುಕಿದೆ. ಎದ್ದು ನೋಡಿದರೆ ಚೀಲದ ತುಂಬ ಕೆಂಪು. ಮಗಳು ಅತ್ತುಬಿಟ್ಟಳು. ಫೋನ್ ಮಾಡಿದಾಗ, ನೀರು ಜಾಸ್ತಿ ಕುಡಿಯಿರಿ, ಗಡ್ಡೆ ಗಡ್ಡೆ ಬಂದರೆ ಅಥವಾ ಚೀಲಕ್ಕೆ ಮೂತ್ರ ಬರುವುದು ನಿಂತು ಹೊಟ್ಟೆ ನೋವು ಬಂದರೆ ತಕ್ಷಣ ಬನ್ನಿ ಅಂದರು. ಸಂಜೆಗೆ ತಿಳಿಯಾಯಿತು. ಆವತ್ತಿನಿಂದ ರಾತ್ರಿ ಇಸಬ್‌ಗೋಲ್, ಬೆಳಗ್ಗೆ ಪಪ್ಪಾಯಿ ತಪ್ಪಿಸಲಿಲ್ಲ. ಇನ್ನೊಂದು ಮುಖ್ಯ ವಿಷಯ. ಟ್ಯೂಬ್ ಕಟ್ಟಿಕೊಂಡರೆ, ಆಕಸ್ಮಿಕವಾಗಿ ಹೊರಬಂದರೆ, ಹತ್ತಿರದ ನರ್ಸಿಂಗ್ ಹೋಮಿಗೆ ಓಡಿ ಯಾರಿಂದಲೋ ಹೊಸದು ಹಾಕಿಸಬೇಡಿ. ಒಳಗೆ ಹೊಸ ಹೊಲಿಗೆ ಇರುತ್ತದೆ. ನಿಮಗೆ ಆಪರೇಷನ್ ಮಾಡಿದವರಿಗೇ ಮೊದಲು ಫೋನ್ ಮಾಡಿ. ಟ್ಯೂಬ್ ಇರುವಷ್ಟು ದಿನ ಕೀಗಲ್ ಕೂಡ ಮಾಡಬಾರದು.

ಟ್ಯೂಬ್ ತೆಗೆದದ್ದು ಅರ್ಧ ನಿಮಿಷದ ಕೆಲಸ. ನೋವಾಗಲಿಲ್ಲ. ಎದ್ದು ನಿಂತೆ, ಅಷ್ಟೇ, ಕಾಲಿನಗುಂಟ ಇಳಿದು ನೆಲದ ಮೇಲೆ ಹರಿಯಿತು. ತಡೆಯಲು ಆಗಲೇ ಇಲ್ಲ. ಸ್ವಲ್ಪ ಸೋರಬಹುದು ಅಂತ ಹೇಳಿದ್ದರು, ಇಷ್ಟು ಅಂತ ಯಾರೂ ಹೇಳಿರಲಿಲ್ಲ. ಇದನ್ನು ಬರೆಯುತ್ತಿರುವುದಕ್ಕೆ ದೊಡ್ಡ ಕಾರಣವೇ ಅದು. ಆ ದಿನಕ್ಕೆ ಡೈಪರ್, ಎರಡು ಜೊತೆ ಬಟ್ಟೆ, ಒಂದು ಟವೆಲ್ ಜೊತೆಗಿರಲಿ. ಮತ್ತು ಅದು ಮೊದಲ ದಿನ ಅಂತ ಗೊತ್ತಿರಲಿ.

ಆವತ್ತು ರಾತ್ರಿ ತುಂಬ ಕುಗ್ಗಿದ್ದೆ. ಬೆಳಗ್ಗೆ ಎದ್ದು, ಅಳೆದು ನೋಡೋಣ ಅನ್ನಿಸಿತು. ಮಗಳು ಪುಟ್ಟ ಡಿಜಿಟಲ್ ತಕ್ಕಡಿ ತರಿಸಿದಳು, ಅಡುಗೆಮನೆಯದ್ದಲ್ಲ, ಬೇರೆಯದೇ. ಒಣ ಡೈಪರ್ ತೂಕ ಬರೆದುಕೊಂಡೆ. ಬಿಚ್ಚಿದ ಮೇಲೆ ಮತ್ತೆ ತೂಗಿ ಅದನ್ನು ಕಳೆದರೆ ಎಷ್ಟು ಸೋರಿದೆ ಅಂತ ಸಿಗುತ್ತದೆ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಎಂಎಲ್. ಮೊದಲ ದಿನ 560 ಗ್ರಾಂ.

ಟ್ಯೂಬ್ ತೆಗೆದ ನಾಲ್ಕನೇ ದಿನ ತಾಳಗುಪ್ಪ ರೈಲಿನಲ್ಲಿ ಊರಿಗೆ ಬಂದೆವು. ಬಸ್ಸಾದರೆ ಶೌಚಾಲಯ ಇಲ್ಲ, ಅದಕ್ಕೇ ರೈಲು. ಮಲಗಿದಾಗ ಹೆಚ್ಚು ಸೋರುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಆ ಬರ್ತಿನ ಮೇಲೆ. ರಾತ್ರಿ ಸೋರುವುದು ಮೊದಲು ನಿಲ್ಲುತ್ತದೆ, ಆಮೇಲೆ ಬೆಳಗಿನ ಹೊತ್ತಿನದು, ಕೊನೆಗೆ ಸಂಜೆಯದು. ಸಂಜೆಗೆ ಆ ಸ್ನಾಯು ದಣಿದಿರುತ್ತದೆ. ಇದು ಗೊತ್ತಿಲ್ಲದೆ ಸಂಜೆ ಆರು ಗಂಟೆಗೆ ಒದ್ದೆಯಾದಾಗಲೆಲ್ಲ, ಬೆಳಗ್ಗೆ ಚೆನ್ನಾಗಿತ್ತು, ಈಗ ಹಾಳಾಯಿತು ಅಂತ ಸಂಕಟಪಟ್ಟಿದ್ದೇನೆ.

ನೋಟ್‌ಬುಕ್ ಇಲ್ಲದಿದ್ದರೆ ನನ್ನ ಎರಡನೇ ತಪ್ಪು ಗೊತ್ತೇ ಆಗುತ್ತಿರಲಿಲ್ಲ. ಎರಡು ವಾರಕ್ಕೆ 400ಕ್ಕೆ ಇಳಿದಿತ್ತು. ಆಮೇಲೆ ಹನ್ನೊಂದು ದಿನ ಕದಲಲೇ ಇಲ್ಲ. ಎರಡು ದಿನ ಏರಿತು ಕೂಡ. ಬೇಗ ವಾಸಿಯಾಗಲಿ ಅಂತ ನಾನು ದಿನಕ್ಕೆ ಮುನ್ನೂರು ಸಲ ವ್ಯಾಯಾಮ ಮಾಡುತ್ತಿದ್ದೆ. ವಿಡಿಯೋ ಕಾಲಿನಲ್ಲಿ ಫಿಸಿಯೋಥೆರಪಿಸ್ಟ್ ನೋಡಿ, "ಸರ್, ನೀವು ಹೊಟ್ಟೆ ಬಿಗೀತಿದ್ದೀರಿ. ಅದು ಮೂತ್ರಕೋಶವನ್ನ ಕೆಳಗೆ ಒತ್ತುತ್ತೆ. ಸ್ನಾಯು ಸುಸ್ತಾಗಿದೆ, ಎರಡು ದಿನ ಪೂರ್ತಿ ಬಿಟ್ಟುಬಿಡಿ" ಅಂದರು. ಬಿಟ್ಟೆ. ಆಮೇಲೆ ಮತ್ತೆ ಮೂರು ಹೊತ್ತು, ಹತ್ತತ್ತು ಸಲ. ಜೊತೆಗೆ ಅವರು ಹೇಳಿಕೊಟ್ಟ ಇನ್ನೊಂದು ನನಗೆ ಎಲ್ಲಕ್ಕಿಂತ ಹೆಚ್ಚು ಸಹಾಯವಾಯಿತು. ಕೆಮ್ಮುವ ಮೊದಲು, ಸೀನುವ ಮೊದಲು, ಕುರ್ಚಿಯಿಂದ ಏಳುವ ಮೊದಲು ಒಂದು ಸಲ ಬಿಗಿ. ಆಮೇಲೆ ಏಳು. ತಿಂಗಳೊಪ್ಪತ್ತಿನಲ್ಲಿ ಅದು ತಾನಾಗಿ ಬರುತ್ತದೆ.

ನೀರು ಕಡಿಮೆ ಕುಡಿದರೆ ಕಡಿಮೆ ಸೋರುತ್ತದೆ ಅಂತ ಅದನ್ನೂ ಮಾಡಿ ನೋಡಿದೆ. ಮೂತ್ರ ಹಳದಿಯಾಗಿ ಉರಿ ಬಂತು, ಅವಸರ ಇನ್ನೂ ಜಾಸ್ತಿಯಾಯಿತು. ನೀರು ಕುಡಿಯಲೇಬೇಕು. ಕಾಫಿ ಮಾತ್ರ ಮೂರು ಲೋಟದಿಂದ ಒಂದಕ್ಕೆ ಇಳಿಸಿದೆ, ಎರಡೇ ದಿನದಲ್ಲಿ ನೋಟ್‌ಬುಕ್ಕಿನಲ್ಲಿ ವ್ಯತ್ಯಾಸ ಕಂಡಿತು.

ಆರು ವಾರ ಐದು ಕೆಜಿಗಿಂತ ಭಾರ ಎತ್ತಲಿಲ್ಲ, ಬೈಕ್ ಹತ್ತಲಿಲ್ಲ. ತೋಟಕ್ಕೆ ನಡೆದೇ ಹೋಗಿ ಬರುತ್ತಿದ್ದೆ. ಆರನೇ ವಾರದಲ್ಲಿ 190 ಗ್ರಾಂ. ಅಲ್ಲಿಗೆ ಡೈಪರ್ ಬಿಟ್ಟು ಪ್ಯಾಡ್‌ಗೆ ಬಂದೆ. ಗಂಡಸರ ಪ್ಯಾಡ್ ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಿಗಲಿಲ್ಲ. ಹೆಂಡತಿ, "ದೊಡ್ಡ ಸೈಜಿನ ಸ್ಯಾನಿಟರಿ ಪ್ಯಾಡ್ ಹಾಕಿ ನೋಡಿ" ಅಂದಳು. ಬಿಗಿಯಾದ ಒಳಚಡ್ಡಿಯೊಳಗೆ ಅದು ಸರಿಹೋಯಿತು. ಅಷ್ಟು ವರ್ಷ ಅವಳು ತಿಂಗಳು ತಿಂಗಳು ಇದನ್ನೇ ಮಾಡಿಕೊಂಡು ಅಡುಗೆ, ಕೊಟ್ಟಿಗೆ, ತೋಟ ಎಲ್ಲ ನಡೆಸಿದ್ದಳು ಅಂತ ಆವತ್ತು ಮೊದಲ ಸಲ ಯೋಚಿಸಿದೆ.

ಮೂರು ತಿಂಗಳಿಗೆ 40 ಗ್ರಾಂ. ಏಪ್ರಿಲ್‌ನಲ್ಲಿ ಒಂದು ಮದುವೆಗೆ ಹೋದೆ. ಪಂಕ್ತಿಯಲ್ಲಿ ನೆಲಕ್ಕೆ ಕೂತು ಏಳುವುದು ದೊಡ್ಡ ಪರೀಕ್ಷೆ. ಬಿಗಿದು ಎದ್ದೆ. ಪಂಚೆ ಒದ್ದೆಯಾಗಿರಲಿಲ್ಲ. ಐದನೇ ತಿಂಗಳಲ್ಲಿ ಮೂರು ನಾಲ್ಕು ಗ್ರಾಂಗೆ ಬಂದ ಮೇಲೆ ತೂಗುವುದು ನಿಲ್ಲಿಸಿದೆ. ಕೆಲವರಿಗೆ ಇದು ಆರು ವಾರಕ್ಕೇ ಆಗುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ವರ್ಷ ಕಳೆದರೂ ಜಾಸ್ತಿ ಸೋರುತ್ತಿದ್ದರೆ ಅದಕ್ಕೂ ಆಪರೇಷನ್ ಇದೆ, ಕೃತಕ ಕವಾಟ ಕೂಡಿಸುತ್ತಾರೆ. ಸಹಿಸಿಕೊಂಡು ಮನೆಯಲ್ಲೇ ಕೂರಬೇಕಾಗಿಲ್ಲ.

ದಾಂಪತ್ಯದ ಮಾತು ನಮ್ಮ ಕಡೆ ಯಾರೂ ಆಡುವುದಿಲ್ಲ. ನಾನು ಆಡುತ್ತೇನೆ. ಉದ್ರೇಕದ ನರಗಳು ಗ್ರಂಥಿಯ ಎರಡೂ ಪಕ್ಕ ಅಂಟಿಕೊಂಡೇ ಹೋಗುತ್ತವೆ. 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ಯಾಟ್ರಿಕ್ ವಾಲ್ಶ್ ಆ ನರಗಳನ್ನು ಉಳಿಸುವ ವಿಧಾನದಲ್ಲಿ ಮೊದಲು ಆಪರೇಷನ್ ಮಾಡಿದರು. ಅದಕ್ಕೂ ಮೊದಲು ಬಹುತೇಕ ಎಲ್ಲರಿಗೂ ಆ ಶಕ್ತಿ ಹೋಗಿಬಿಡುತ್ತಿತ್ತು. ನನಗೆ ಎಡಗಡೆಯದ್ದು ಪೂರ್ತಿ ಉಳಿಸಿದರು, ಬಲಗಡೆ ಗಡ್ಡೆ ಹತ್ತಿರವಿದ್ದದ್ದರಿಂದ ಅರ್ಧ. ಉಳಿಸಿದ ನರ ಕೂಡ ಚೇತರಿಸಿಕೊಳ್ಳಲು ಒಂದೂವರೆ ಎರಡು ವರ್ಷ ಬೇಕಾಗಬಹುದು. ಡಾಕ್ಟರು ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಇದನ್ನು ಮುಟ್ಟಲೇಬಾರದು, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ವೀರ್ಯ ಇನ್ನು ಬರುವುದಿಲ್ಲ, ಆದರೆ ಸುಖದ ಅನುಭವ ಉಳಿಯುತ್ತದೆ. ಮೊದಲಿನಂತೆ ಇನ್ನೂ ಆಗಿಲ್ಲ. ಇದನ್ನೆಲ್ಲ ಆಪರೇಷನ್‌ಗೆ ಮೊದಲೇ ಡಾಕ್ಟರ ಮುಂದೆ ಹೆಂಡತಿಯನ್ನು ಕೂರಿಸಿಕೊಂಡು ಕೇಳಿದ್ದೆ. ಅದಕ್ಕೇ ಇರಬೇಕು, ನಮ್ಮಿಬ್ಬರ ನಡುವೆ ಈ ವಿಷಯಕ್ಕೆ ಮೌನ ಬರಲಿಲ್ಲ.

ತೆಗೆದ ಗ್ರಂಥಿಯ ರಿಪೋರ್ಟ್ ಚೆನ್ನಾಗಿ ಬಂತು, ಅಂಚುಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ಆರು ವಾರಕ್ಕೆ ಮಾಡಿಸಿದ ಪಿಎಸ್‌ಎ 0.1ಕ್ಕಿಂತ ಕಡಿಮೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಮಾಡಿಸಿದೆ, ಈಗ ಆರು ತಿಂಗಳಿಗೊಮ್ಮೆ. ಪ್ರತಿ ಸಲ ರಿಪೋರ್ಟ್ ಬರುವ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ತೋಟದಲ್ಲಿ ಗೊನೆ ಎತ್ತುವಾಗ ಈಗಲೂ ಎರಡು ಹನಿ ಜಾರುತ್ತದೆ, ಆ ದಿನ ಪ್ಯಾಡ್ ಹಾಕಿಕೊಂಡು ಹೋಗುತ್ತೇನೆ.

ಮಗನಿಗೆ ಈಗ 38. ಮನೆತನದಲ್ಲಿ ಈ ಕಾಯಿಲೆ ಇರುವವರು 45ರಿಂದಲೇ ಪಿಎಸ್‌ಎ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು ಅಂತ ಹೇಳಿದ್ದಾರೆ. ಅಣ್ಣನ ಮಕ್ಕಳು ಇಬ್ಬರಿದ್ದಾರೆ. ಗ್ರಾಂ ಲೆಕ್ಕ ಬರೆದ ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೂವರ ಹೆಸರು ಬರೆದು, ಪಕ್ಕದಲ್ಲಿ ಅವರಿಗೆ 45 ತುಂಬುವ ವರ್ಷ ಬರೆದಿಟ್ಟಿದ್ದೇನೆ.