ಮಂಗ ಸತ್ತ ಸುದ್ದಿ ಪುಣೆಗೆ ಮುಟ್ಟಬೇಕಾದರೆ

ದೀಪಾವಳಿ ಮುಗಿದು ಗದ್ದೆ ಕೊಯ್ಲು ಶುರುವಾಯಿತೆಂದರೆ ಮಲೆನಾಡಿನಲ್ಲಿ ರಕ್ತ ಹೀರುವ ಉಣುಗಿನ ಕಾಲವೂ ಶುರುವಾಯಿತೆಂದೇ ಲೆಕ್ಕ. ಆಗಿನಿಂದ ಮುಂಗಾರು ಹಿಡಿಯುವ ತನಕ ಮಂಗನ ಕಾಯಿಲೆಯ ಭಯ ತಪ್ಪಿದ್ದಲ್ಲ. ಸಾಗರ, ಹೊಸನಗರದ ಕಡೆ ಆರೋಗ್ಯ ಸಹಾಯಕನಾಗಿ ದುಡಿದು ನಿವೃತ್ತನಾದ ನನ್ನನ್ನು ಊರಿನವರು ಈಗಲೂ ತಡೆದು ಕೇಳುತ್ತಾರೆ: “ದೆಹಲಿ, ಪುಣೆಯಲ್ಲಿ ಅಷ್ಟು ದೊಡ್ಡ ಸಂಸ್ಥೆಗಳಿವೆಯಲ್ಲ ಸಾರ್, ಅವರೇನು ಮಾಡುತ್ತಾರೆ?” ಮಾಡುತ್ತಾರೆ. ಆದರೆ ಅವರ ಕೆಲಸ ಶುರುವಾಗುವುದು ನೀವು ಮಾಡುವ ಒಂದು ಫೋನಿನಿಂದ. ಅದನ್ನು ಯಾವಾಗ, ಯಾರಿಗೆ, ಏನೆಂದು ಮಾಡಬೇಕು ಎನ್ನುವುದಕ್ಕೇ ಈ ಬರಹ.

ಮೊದಲು ಯಾರು ಯಾರೆಂದು ತಿಳಿಯಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರೂ ಜ್ವರದಿಂದ ಮಲಗಿದಾಗ, ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇನೋ ಎಂದು ತಜ್ಞರೇ ಗಾಬರಿಯಾಗಿದ್ದರು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಹೊಸ ವೈರಸ್, ಹರಡುವುದು ಉಣುಗಿನಿಂದ ಎಂದು ಕಂಡುಹಿಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಡಿಯಲ್ಲಿರುವ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಕೆಲಸವೇ ಬೇರೆ. 2004ರಲ್ಲಿ ಆರಂಭವಾದ ರೋಗ ಸರ್ವೇಕ್ಷಣಾ ಯೋಜನೆ ಅದರ ಉಸ್ತುವಾರಿಯಲ್ಲಿದೆ. ಜಿಲ್ಲೆಗೊಂದು ಸರ್ವೇಕ್ಷಣಾ ಘಟಕವಿದೆ. ರೋಗ ಯಾವುದೆಂದು ಪುಣೆ ಹೇಳುತ್ತದೆ, ಎಲ್ಲಿ ಏರುತ್ತಿದೆಯೆಂದು ದೆಹಲಿ ನೋಡುತ್ತದೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಹಂಚುವುದು, ಉಣುಗು ಸಾಯಿಸುವ ಪುಡಿ ಹಾಕಿಸುವುದು ನಮ್ಮ ರಾಜ್ಯದ ಆರೋಗ್ಯ ಇಲಾಖೆ. ಬೈಯುವಾಗಲಾದರೂ ಸರಿಯಾದವರನ್ನು ಬೈಯಿರಿ.

ಈಗ ಮುಖ್ಯ ಸಂಗತಿ. ತೋಟದಲ್ಲಿ, ಸೊಪ್ಪಿನಬೆಟ್ಟದಲ್ಲಿ, ರಸ್ತೆಯ ಬದಿಯಲ್ಲಿ ಎಲ್ಲೇ ಆಗಲಿ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಕೆಂಪು ಮೋರೆಯ ಮಂಗವಾದರೂ ಅಷ್ಟೇ, ಕಪ್ಪು ಮೋರೆಯ ಮುಸಿಯವಾದರೂ ಅಷ್ಟೇ. ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಸೇರಿಕೊಳ್ಳುತ್ತವೆ. ಪಾಪದ ಪ್ರಾಣಿ, ಆಂಜನೇಯನ ರೂಪ ಎಂದು ಹೂವು ಹಾಕಿ ಕೈಯಾರೆ ಮಣ್ಣು ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಭಕ್ತಿಗೆ ನನ್ನ ತಕರಾರಿಲ್ಲ, ದೂರದಿಂದಲೇ ಕೈಮುಗಿಯಿರಿ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಯಿಲೆ ತಗುಲಿದ್ದು ಮಂಗಗಳ ಶವ ನಿಭಾಯಿಸಿದ ಕೆಲಸಗಾರರಿಗೇ; ಅದನ್ನು ಖಚಿತಪಡಿಸಿದ್ದು ಪುಣೆಯ ಪರೀಕ್ಷೆ. ಅಲ್ಲಿಯವರೆಗೆ ಪಶ್ಚಿಮಘಟ್ಟದ ಐದು ಜಿಲ್ಲೆಗಳ ಕಾಯಿಲೆ ಎಂದುಕೊಂಡಿದ್ದುದು ಮುಂದೆ ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು.

ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಯಾರೂ ಎತ್ತದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಮಾಡಿ. “ಮಂಗ ಸತ್ತಿದೆ” ಎಂದಷ್ಟೇ ಹೇಳಿ ಇಟ್ಟುಬಿಡಬೇಡಿ. ಯಾರ ತೋಟ, ಯಾವ ದಾರಿ, ಯಾವಾಗ ಕಂಡಿತು, ವಾಸನೆ ಬಂದಿದೆಯೇ ಎಂದೆಲ್ಲ ಹೇಳಿ. ಶವ ಕೊಳೆತಷ್ಟೂ ಪರೀಕ್ಷೆಗೆ ಕಷ್ಟ. ಸಿಬ್ಬಂದಿ ಬಂದು ಮಾದರಿ ತೆಗೆದು, ಶವ ಸುಟ್ಟು, ಸುತ್ತ ಮೆಲಾಥಿಯಾನ್ ಪುಡಿ ಹಾಕುವವರೆಗೆ ಮಕ್ಕಳನ್ನೂ ದನಗಳನ್ನೂ ಆ ಕಡೆ ಬಿಡಬೇಡಿ. ಸಂಜೆಯಾದರೂ ಯಾರೂ ಬರದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೇ ಫೋನ್ ಮಾಡಿ, ಸಂಕೋಚ ಬೇಡ.

ಜ್ವರದ ವಿಷಯ ಇನ್ನೂ ಸೂಕ್ಷ್ಮ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಇದ್ದಕ್ಕಿದ್ದಂತೆ ಏರುತ್ತದೆ. ಹಣೆ ಸಿಡಿಯುವಂಥ ತಲೆನೋವು, ಸೊಂಟ ಕಾಲು ಎತ್ತಲಾಗದ ನೋವು, ಕೆಲವರಿಗೆ ಮೂಗು ಒಸಡಿನಲ್ಲಿ ರಕ್ತ. ಇದನ್ನು ಗುಣಪಡಿಸುವ ನಿರ್ದಿಷ್ಟ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿ ರಕ್ತದೊತ್ತಡ, ಪ್ಲೇಟ್‌ಲೆಟ್ ನೋಡಿಕೊಂಡರೆ ಹೆಚ್ಚಿನವರು ಉಳಿಯುತ್ತಾರೆ. ಸಾಯುವವರು ನೂರಕ್ಕೆ ಮೂರರಿಂದ ಐದು. ವೈದ್ಯರು ಕೇಳಲಿ ಬಿಡಲಿ, “ನಾನು ಕಾಡಿಗೆ ಹೋಗಿದ್ದೆ, ದರಗು ತಂದಿದ್ದೆ, ನಮ್ಮೂರಲ್ಲಿ ಮಂಗ ಸತ್ತಿದೆ” ಎಂದು ನೀವಾಗಿಯೇ ಹೇಳಿ. ಈ ಒಂದು ಮಾತು ಬಾಯಿಂದ ಬಾರದೆ ಟೈಫಾಯಿಡ್ ಮಾತ್ರೆ ನುಂಗುತ್ತ ವಾರ ಕಳೆದವರಿದ್ದಾರೆ. ಮೊದಲ ದಿನಗಳ ರಕ್ತದಲ್ಲಾದರೆ ಪಿಸಿಆರ್ ಪರೀಕ್ಷೆ ವೈರಸ್ಸನ್ನೇ ಹಿಡಿಯುತ್ತದೆ. ತಡವಾದರೆ ಪ್ರತಿಕಾಯ ಹುಡುಕುವ ಬೇರೆ ಪರೀಕ್ಷೆ ಬೇಕು. ಎರಡನ್ನೂ ರೂಪಿಸಿದ್ದು ಪುಣೆಯವರು, ಈಗ ಶಿವಮೊಗ್ಗದ ಪ್ರಯೋಗಾಲಯದಲ್ಲೇ ಮಾಡುತ್ತಾರೆ. ಮೈಕೈ ನೋವಿಗೆಂದು ಅಂಗಡಿಯ ನೋವಿನ ಮಾತ್ರೆ ತಿನ್ನಬೇಡಿ, ಅವುಗಳಲ್ಲಿ ಹಲವು ರಕ್ತಸ್ರಾವ ಹೆಚ್ಚಿಸುತ್ತವೆ, ಪ್ಯಾರಸಿಟಮಾಲ್ ಸಾಕು. ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಕೆಲವರಿಗೆ ಅದು ಮತ್ತೆ ಮರಳಿ, ಕೈ ನಡುಕ, ಗೊಂದಲ ಕಾಣಿಸಿಕೊಳ್ಳುತ್ತದೆ. ಆಗಲೂ ಆಸ್ಪತ್ರೆಗೇ ಹೋಗಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಆದ್ದರಿಂದ ರೋಗಿಯ ಮನೆಯ ನೀರು ಕುಡಿಯದೆ ದೂರ ನಿಲ್ಲುವ ನೆರೆಹೊರೆಯವರ ಶಾಸ್ತ್ರಕ್ಕೆ ಅರ್ಥವಿಲ್ಲ.

ಕಾಡಿಗೆ ಹೋಗುವ ಮುನ್ನ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯ ತಯಾರಿಸಿದ್ದು ಅದು. ವಾಸನೆಯೆಂದು ಮೂಲೆಗಿಟ್ಟ ಬಾಟಲಿ ಯಾರನ್ನೂ ಕಾಯುವುದಿಲ್ಲ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ. ಕಚ್ಚುವುದು ಹೆಚ್ಚಾಗಿ ಮರಿ ಉಣುಗು, ಎಳ್ಳಿಗಿಂತ ಸಣ್ಣದೂ ಇರುತ್ತದೆ. ಸಿಕ್ಕಿದರೆ ಉಗುರಿನಲ್ಲಿ ಹಿಸುಕದೆ ಚಿಮಟದಿಂದ ಎಳೆದು ತೆಗೆಯಿರಿ. ದನಗಳಿಗೆ ಪಶುವೈದ್ಯರಿಂದ ಉಣುಗಿನ ಔಷಧಿ ಹಾಕಿಸಿ.

ಲಸಿಕೆಯ ಬಗ್ಗೆ ಕೇಳುತ್ತೀರಿ, ಗೊತ್ತು. ಹಳೆಯದರ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸದನ್ನು ತರುವ ಕೆಲಸಕ್ಕೆ ಐಸಿಎಂಆರ್ ಕೈಹಾಕಿದೆ. ಅಲ್ಲಿಯ ತನಕ ಎಣ್ಣೆ, ಎಚ್ಚರ, ಫೋನು.

ಕೊನೆಗೊಂದು ವಿಷಯ. ವರದಿ ಪಾಸಿಟಿವ್ ಬಂದರೆ ಸಿಬ್ಬಂದಿ ಮನೆಗೆ ಬಂದು, ಹಿಂದಿನ ವಾರ ಎಲ್ಲೆಲ್ಲಿ ಓಡಾಡಿದಿರಿ ಎಂದು ಕೇಳುತ್ತಾರೆ. ಸೌದೆಗೆ ಮೀಸಲು ಅರಣ್ಯಕ್ಕೆ ಹೋಗಿದ್ದನ್ನು ಹೇಳಲು ಹೆದರಿ “ಎಲ್ಲಿಗೂ ಹೋಗಿಲ್ಲ” ಎನ್ನುವವರೇ ಹೆಚ್ಚು. ಅವರು ಬಂದಿರುವುದು ಮೊಕದ್ದಮೆ ಹಾಕಲಿಕ್ಕಲ್ಲ. ಜಾಗದ ಹೆಸರು ಹೇಳಿ, ಬೇಕಾದರೆ ದಾರಿ ತೋರಿಸಿ. ಅಲ್ಲಿ ದರಗಿನ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ. ವೈರಸ್ ಸಿಕ್ಕರೆ ಅದೇ ದಾರಿಯಲ್ಲಿ ಸೌದೆಗೆ ಹೋಗುವ ಉಳಿದವರ ಮನೆಗಳಿಗೆ ಆ ವಾರವೇ ಎಚ್ಚರಿಕೆ ಹೋಗುತ್ತದೆ.