ವಿಲ್ಸ್‌ಡನ್‌ನ ಸಾವಿನ ಪಟ್ಟಿಗಳನ್ನು ನಾನು ಓದಿದ ಬಗೆ

ಇಂದು ಲಂಡನ್ನಿನೊಳಗೆ ಸೇರಿಹೋಗಿರುವ ವಿಲ್ಸ್‌ಡನ್, 1900ರ ದಶಕದಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿಯ ಒಂದು ಅರ್ಬನ್ ಡಿಸ್ಟ್ರಿಕ್ಟ್ (ನಗರದ ಸ್ಥಳೀಯಾಡಳಿತ ಘಟಕ). ಅಲ್ಲಿನ ಆರೋಗ್ಯಾಧಿಕಾರಿಯ ವಾರ್ಷಿಕ ವರದಿಗಳಿಂದ ಸಾಂಕ್ರಾಮಿಕ ರೋಗಗಳ ಸಾವನ್ನು ಲೆಕ್ಕಕ್ಕೆ ತರುವಾಗ ನಾನು ಮೊದಲು ಸರಿಮಾಡಿಕೊಂಡದ್ದು ಜನಸಂಖ್ಯೆಯನ್ನು.

ಊರಿನ ಜನ 1891ರಲ್ಲಿ ಸುಮಾರು 61,000, 1901ರಲ್ಲಿ 1,15,000, 1911ರಲ್ಲಿ 1,54,000. ನಡುವಿನ ವರ್ಷಗಳಿಗೆ ಹಿಂದಿನ ದಶಕದ ಶೇಕಡಾವಾರು ಬೆಳವಣಿಗೆಯ ವೇಗವನ್ನೇ ಮುಂದುವರಿಸಿ ಅಂದಾಜು ಮಾಡುವುದು ಆಗಿನ ಸಾಮಾನ್ಯ ರೂಢಿ. ಹಾಗೆ ಮಾಡಿದರೆ 1906ಕ್ಕೆ 1,58,000 ಬರುತ್ತದೆ. 1901 ಮತ್ತು 1911ರ ಗಣತಿಗಳ ನಡುವೆ ಲೆಕ್ಕಹಾಕಿದರೆ 1,33,000. 100 ಸಾವಿಗೆ ಮೊದಲನೆಯದು ಸಾವಿರಕ್ಕೆ 0.63 ಎನ್ನುತ್ತದೆ, ಎರಡನೆಯದು 0.75. ಹೀಗೆ ಬೆಳವಣಿಗೆ ನಿಧಾನವಾದ ಊರು ಇದ್ದದ್ದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಅದಕ್ಕೇ ಅಚ್ಚಾದ ದರಗಳನ್ನು ಬಿಟ್ಟು ಸಾವಿನ ಸಂಖ್ಯೆಗಳನ್ನಷ್ಟೇ ಎತ್ತಿಕೊಂಡೆ.

ಆಮೇಲೆ ಸತ್ತವರು ಎಲ್ಲಿಯವರೆಂಬುದು. ಊರಿನವರು ಲಂಡನ್ ಆಸ್ಪತ್ರೆಗಳಲ್ಲಿ ಸತ್ತಿದ್ದರೆ ಕೂಡಿಸಬೇಕು, ಹೊರಗಿನವರು ಇಲ್ಲಿ ಸತ್ತಿದ್ದರೆ ಕಳೆಯಬೇಕು.

ಹೆಚ್ಚು ಹೊತ್ತು ಹಿಡಿದದ್ದು ಹಸುಗೂಸುಗಳ ಭೇದಿ. ಅದೇ ಕಾಯಿಲೆ ಒಂದು ವರ್ಷ ಡಯೇರಿಯಾ, ಮತ್ತೊಂದು ವರ್ಷ ಎಂಟರೈಟಿಸ್ (ಕರುಳಿನ ಉರಿಯೂತ), ಇನ್ನೊಂದು ವರ್ಷ ಗ್ಯಾಸ್ಟ್ರೋ-ಎಂಟರೈಟಿಸ್ (ಹೊಟ್ಟೆ-ಕರುಳಿನ ಉರಿಯೂತ) ಎಂದು ದಾಖಲಾಗಿರಬಹುದು. ಆಗಿನ ಝೈಮೋಟಿಕ್ ದರಕ್ಕೆ, ಅಂದರೆ ಮುಖ್ಯ ಸಾಂಕ್ರಾಮಿಕ ರೋಗಗಳ ಒಟ್ಟು ಸಾವಿನ ದರಕ್ಕೆ, ಡಯೇರಿಯಾ ಸೇರುತ್ತದೆ, ಎಂಟರೈಟಿಸ್ ಬೇರೆ ಸಾಲಿಗೆ ಹೋಗಬಹುದು. ವೈದ್ಯರು ಪದ ಬದಲಿಸಿದರೆ ಸಾಕು, ಭೇದಿ ಇಳಿದಂತೆ ಕಾಣುತ್ತದೆ. ಎರಡು ವರ್ಷದೊಳಗಿನವರಿಗೆ ಮೂರನ್ನೂ ಕೂಡಿಸಿದೆ. ಒಂದು ವರ್ಷದೊಳಗಿನವರನ್ನು ಬೇರೆ ತೆಗೆದು, ಜನಸಂಖ್ಯೆಯಿಂದಲ್ಲ, ಆ ವರ್ಷದ ಜನನಗಳಿಂದ ಭಾಗಿಸಿದೆ. ಜುಲೈ–ಸೆಪ್ಟೆಂಬರ್ ತ್ರೈಮಾಸಿಕವನ್ನು ಪ್ರತ್ಯೇಕ ನೋಡಲೇಬೇಕು. ಹಾಲು ಕೆಡುವ, ನೊಣ ಹೆಚ್ಚುವ ತಿಂಗಳುಗಳವು. 1911ರ ಸುಡುಬೇಸಿಗೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶಿಶುಮರಣ ಸಾವಿರ ಜನನಕ್ಕೆ 130ಕ್ಕೇರಿತು, ತಂಪಾಗಿದ್ದ 1912ರಲ್ಲಿ 95ಕ್ಕಿಳಿಯಿತು. ಈ ಎರಡು ವರ್ಷಗಳನ್ನಷ್ಟೇ ಇಟ್ಟುಕೊಂಡು ನೈರ್ಮಲ್ಯ ಸುಧಾರಿಸಿತೆಂದು ಬರೆಯುವುದು ತಪ್ಪು.

ಗಂಟಲಮಾರಿಗೆ (ಡಿಫ್ತೀರಿಯಾ) 'ಮೆಂಬ್ರೇನಸ್ ಕ್ರೂಪ್' ಸಾಲನ್ನೂ ಸೇರಿಸಿದೆ. ಎರಡೂ ಬಹುಪಾಲು ಒಂದೇ ಕಾಯಿಲೆ.

ರೋಗಿಗಳ ಅಧಿಸೂಚನೆಯ ಪಟ್ಟಿ, ಅಂದರೆ ಕಾಯಿಲೆ ಬಿದ್ದವರನ್ನು ಆರೋಗ್ಯಾಧಿಕಾರಿಗೆ ತಿಳಿಸಿದ ಪಟ್ಟಿ, ನೋಡಿ ಸಾವನ್ನು ಊಹಿಸಲಾಗದು. ಅದರಲ್ಲಿ ಸಾಯುವವರು ಕಡಿಮೆಯಿದ್ದ ಸ್ಕಾರ್ಲೆಟ್ ಜ್ವರವೇ (ಮೈಮೇಲೆ ಕೆಂಪು ದದ್ದೇಳುವ ಜ್ವರ) ತುಂಬಿರುತ್ತದೆ. ದಡಾರದ ಅಧಿಸೂಚನೆ ದೇಶಾದ್ಯಂತ ಕಡ್ಡಾಯವಾದದ್ದು 1916ರಲ್ಲಿ. ಅಲ್ಲಿಯವರೆಗೆ ಎಷ್ಟೋ ಊರುಗಳಲ್ಲಿ ಅದು ಸಾವಿನ ಪಟ್ಟಿಯಲ್ಲಷ್ಟೇ ಕಾಣಿಸುತ್ತದೆ. ದೊಡ್ಡ ಊರುಗಳಲ್ಲಿ ದಡಾರ ಸುಮಾರು ಎರಡು ವರ್ಷಕ್ಕೊಮ್ಮೆ ಎದ್ದು ಬರುತ್ತಿತ್ತು. ಐದು ವರ್ಷದ ಸರಾಸರಿಯಲ್ಲಿ ಎರಡು ಅಲೆಗಳೂ ಬೀಳಬಹುದು, ಮೂರೂ ಬೀಳಬಹುದು. ಅದಕ್ಕೆ ನಾಲ್ಕು ಅಥವಾ ಆರು ವರ್ಷದ ಸರಾಸರಿಯನ್ನೇ ಹಿಡಿದೆ.